ಸರಡಗಿ ಬಯಲಿನ ಹೊಸ ಬೋಧಕ

ಸೊಲ್ಲಾಪುರದಿಂದ ಹೊರಟ ರೈಲು ಹೋಟಗಿ, ಅಕ್ಕಲಕೋಟ ರೋಡ್, ದುಧನಿ, ಗಾಣಗಾಪುರ ರೋಡ್ ನಿಲ್ದಾಣಗಳನ್ನು ದಾಟಿ ಕಲಬುರಗಿಯನ್ನು ಸೇರುತ್ತದೆ. ರಾಜ್ಯದ ಗಡಿ ಎಲ್ಲಿ ಹಿಂದೆ ಸರಿಯಿತೆಂಬುದು ನಿಲ್ದಾಣಗಳ ಹೆಸರುಹಲಗೆಯಿಂದ ತಿಳಿಯಬೇಕೇ ಹೊರತು ನೆಲದಿಂದ ತಿಳಿಯದು. ಎರಡೂ ಕಡೆ ಅದೇ ಎರೆಭೂಮಿ, ಅದೇ ತೊಗರಿ, ಅದೇ ಜೋಳ. ಬಹುಮಟ್ಟಿಗೆ ಅದೇ ಮಾತು. ಈ ಹಾದಿಯಲ್ಲಿ ಓಡಾಡುವವರು ಹೆಚ್ಚಾಗಿ ಶರಣಬಸವೇಶ್ವರರ ಗುಡಿಗೋ, ಬಂದೇನವಾಜರ ದರ್ಗಾಕ್ಕೋ, ಆಸ್ಪತ್ರೆಗೋ, ಕಾಲೇಜಿಗೋ ಹೋಗುವವರು. ಈಚಿನ ವರ್ಷಗಳಲ್ಲಿ ಇದೇ ಊರಿಗೆ ಇನ್ನೊಂದು ಬಗೆಯ ಯಾತ್ರಿಕರೂ ಬರತೊಡಗಿದ್ದಾರೆ. ಅವರ ಚೀಲದಲ್ಲಿ ನಕಾಶೆ, ಹೆಡ್‌ಸೆಟ್ ಮತ್ತು ಲಾಗ್‌ಬುಕ್ ಇರುತ್ತವೆ. ಅವರು ಹಾರಲು ಕಲಿಯುವವರು. ಕೆಲವರು ಹಾರಲು ಕಲಿಸುವವರು.

ಕಲಬುರಗಿಯ ವಿಮಾನ ನಿಲ್ದಾಣವು ನಗರದ ಪೂರ್ವಕ್ಕೆ, ಸೇಡಂ ರಸ್ತೆಯ ಕಡೆಗೆ, ಶ್ರೀನಿವಾಸ ಸರಡಗಿ ಗ್ರಾಮದ ಬಳಿಯಲ್ಲಿದೆ. 2019ರ ನವೆಂಬರ್ 22ರಂದು ಅದು ಉದ್ಘಾಟನೆಗೊಂಡಿತು. ಮೂರು ಕಿಲೋಮೀಟರಿಗೂ ಉದ್ದವಾದ ರನ್‌ವೇ ಪೂರ್ವ ಪಶ್ಚಿಮವಾಗಿ ಚಾಚಿಕೊಂಡಿದೆ. ಅದರ ಒಂದು ತುದಿಯಲ್ಲಿ 09 ಎಂದೂ ಇನ್ನೊಂದು ತುದಿಯಲ್ಲಿ 27 ಎಂದೂ ಬರೆದಿರುತ್ತದೆ. ದಿಕ್ಸೂಚಿಯ 90 ಮತ್ತು 270 ಡಿಗ್ರಿಗಳ ಕೊನೆಯ ಸೊನ್ನೆಯನ್ನು ಕೈಬಿಟ್ಟು ಬರೆದ ಅಂಕಿಗಳಿವು. ಪೂರ್ವಕ್ಕೆ ಮುಖಮಾಡಿ ಏರುವ ವಿಮಾನಕ್ಕೆ ಅದು 09. ಪಶ್ಚಿಮಕ್ಕೆ ಮುಖಮಾಡಿದರೆ 27. ಗಾಳಿ ಯಾವ ಕಡೆಯಿಂದ ಬೀಸುವುದೋ ಆ ಕಡೆಗೆ ಮುಖಮಾಡಿ ಏರುವುದು, ಇಳಿಯುವುದು ವಿಮಾನದ ಧರ್ಮ. ತೂರುವ ರೈತನು ಗಾಳಿ ನೋಡಿ ನಿಲ್ಲುವಂತೆಯೇ ಪೈಲಟನೂ ಮೊದಲು ಗಾಳಿಯನ್ನು ನೋಡುತ್ತಾನೆ.

2021ರಲ್ಲಿ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರವು ಹೊಸ ಹಾರಾಟ ತರಬೇತಿ ಶಾಲೆಗಳಿಗಾಗಿ ದೇಶದ ಐದು ನಿಲ್ದಾಣಗಳನ್ನು ಆಯ್ದುಕೊಂಡಿತು. ಬೆಳಗಾವಿ, ಜಳಗಾಂವ, ಕಲಬುರಗಿ, ಖಜುರಾಹೊ ಮತ್ತು ಅಸ್ಸಾಮಿನ ಲೀಲಾಬರಿ ಆ ಐದು. ದೊಡ್ಡ ವಿಮಾನಗಳ ದಟ್ಟಣೆಯಾಗಲಿ, ಹವಾಮಾನದ ಕಾಟವಾಗಲಿ ಅಷ್ಟಾಗಿ ಇಲ್ಲದಿರುವುದು ಆಯ್ಕೆಗೆ ಕಾರಣವಾಯಿತು. ಸರಡಗಿಯ ಬಯಲನ್ನು ಕಂಡವರಿಗೆ ಈ ಮಾತು ವಿವರಣೆಯಿಲ್ಲದೆಯೇ ಅರ್ಥವಾಗುತ್ತದೆ. ಎತ್ತ ನೋಡಿದರೂ ಸಮತಟ್ಟಾದ ನೆಲ. ತಲೆಯ ಮೇಲೆ ವಿಶಾಲವಾದ ಬರಿದು ಆಕಾಶ. ಕಲಿಯುವವನ ತಪ್ಪನ್ನು ತಾಳಿಕೊಳ್ಳಲು ಜಾಗವಿದೆ.

ಇಂತಹ ಬಯಲಿಗೆ ಹೊಸದಾಗಿ ನೇಮಕಗೊಂಡು ಬರುವ ಬೋಧಕನಿಗೆ ಸಾಮಾನ್ಯವಾಗಿ ವಯಸ್ಸು ಬಹಳವಿರುವುದಿಲ್ಲ. (ಬೋಧಕನೆಂಬಲ್ಲಿ ಬೋಧಕಿಯೂ ಸೇರಿದ್ದಾಳೆಂದು ತಿಳಿಯಬೇಕು.) ವಾಣಿಜ್ಯ ಪೈಲಟ್ ಪರವಾನಗಿಗೆ ನಮ್ಮಲ್ಲಿ 200 ಗಂಟೆಗಳ ಹಾರಾಟ ಬೇಕು. ಅದನ್ನು ಮುಗಿಸಿ, ಬೋಧನೆಯ ಅರ್ಹತೆಯನ್ನು ಪಡೆದು, ಮೊದಲ ಸಂಬಳದ ಕೆಲಸವೆಂದು ಇಲ್ಲಿಗೆ ಬರುತ್ತಾನೆ. ನಿನ್ನೆಯವರೆಗೆ ಎಡಗಡೆಯ ಆಸನದಲ್ಲಿ ಕುಳಿತು ಬೈಸಿಕೊಂಡವನು ಇಂದಿನಿಂದ ಬಲಗಡೆಯ ಆಸನದಲ್ಲಿ ಕುಳಿತು ಕಲಿಸಬೇಕು. ಆಸನಗಳ ನಡುವಿನ ಅಂತರ ಒಂದು ಮೊಳವಷ್ಟೆ. ಆದರೆ ಆ ಒಂದು ಮೊಳದಾಚೆಗೆ ಹೊಣೆಯೇ ಬೇರೆ.

ಕಾನೂನು ಈ ಅಂತರವನ್ನು ಸ್ಪಷ್ಟವಾಗಿ ಗುರುತಿಸಿದೆ. ವಿದ್ಯಾರ್ಥಿಯ ಜೊತೆ ಹಾರುವಾಗ ವಿಮಾನದ ಅಧಿಪತಿ ಬೋಧಕನೇ. ಸ್ಟಿಕ್ಕು ವಿದ್ಯಾರ್ಥಿಯ ಕೈಯಲ್ಲಿತ್ತೆಂಬುದು ಬೋಧಕನಿಗೆ ಸಮಾಧಾನವಾಗಲಾರದು. ಹೊಸಬನು ಮೊದಲು ಪಡೆಯುವ ಅರ್ಹತೆ ಸಹಾಯಕ ಹಾರಾಟ ಬೋಧಕನದು. ಆತ ಹಿರಿಯ ಬೋಧಕನ ಮೇಲ್ವಿಚಾರಣೆಯಲ್ಲಿಯೇ ಕಲಿಸಬೇಕು. ವಿದ್ಯಾರ್ಥಿಯೊಬ್ಬನನ್ನು ಮೊಟ್ಟಮೊದಲ ಬಾರಿಗೆ ಒಬ್ಬಂಟಿಯಾಗಿ ಹಾರಲು ಕಳುಹಿಸುವ ಅಧಿಕಾರ ಆತನಿಗಿಲ್ಲ. ಕೆಲವು ಹೊಸಬರಿಗೆ ಇದು ಅವಮಾನವೆನಿಸುತ್ತದೆ. ಹಾಗೆ ಭಾವಿಸಬೇಕಾಗಿಲ್ಲ. ಹಿರಿಯ ವಕೀಲರ ಕಚೇರಿಯಲ್ಲಿ ಕಡತ ಹೊತ್ತು ನಡೆಯುವ ದಿನಗಳಂತೆಯೇ ಇವೂ ಕಲಿಯುವ ದಿನಗಳು. ಸಂಶಯ ಬಂದಾಗ ಹಿರಿಯರ ಬಾಗಿಲು ತಟ್ಟುವ ಹಕ್ಕನ್ನು ಈ ನಿಯಮ ಆತನಿಗೆ ಕೊಟ್ಟಿದೆಯೆಂದು ತಿಳಿದರೆ ಅದರ ಬೆಲೆ ಗೊತ್ತಾಗುತ್ತದೆ.

ಮೊದಲ ವಾರದಲ್ಲಿ ಆತನನ್ನು ಕಾಡುವುದು ನೋಟ. ಬಲಗಡೆಯಿಂದ ರನ್‌ವೇ ಬೇರೆಯಾಗಿ ಕಾಣುತ್ತದೆ. ಅಳತೆಯ ಮುಳ್ಳುಗಳು ಓರೆಯಾಗಿ ಕಾಣುತ್ತವೆ. ನಡುಗೆರೆಯ ಮೇಲೆ ಇದ್ದೇವೆಂದುಕೊಂಡರೆ ಚಕ್ರ ಪಕ್ಕಕ್ಕೆ ಸರಿದಿರುತ್ತದೆ. ಅನಂತರ ಕಾಡುವುದು ಕೈ. ವಿದ್ಯಾರ್ಥಿಯ ತಪ್ಪು ಕಂಡೊಡನೆ ಹೊಸ ಬೋಧಕನ ಕೈ ತಾನಾಗಿಯೇ ಮುಂದೆ ಹೋಗುತ್ತದೆ. ತರಬೇತಿ ವಿಮಾನದಲ್ಲಿ ನಿಯಂತ್ರಣದ ಸಾಧನಗಳು ಜೋಡಿಯಾಗಿರುವುದರಿಂದ ಬೋಧಕನು ಸದ್ದಿಲ್ಲದೆ ಒಂದಿಷ್ಟು ಒತ್ತಿ ಸರಿಪಡಿಸಿಬಿಡಬಹುದು. ವಿಮಾನ ಚೆನ್ನಾಗಿ ಇಳಿಯುತ್ತದೆ. ತಾನೇ ಇಳಿಸಿದೆನೆಂದು ವಿದ್ಯಾರ್ಥಿ ಹಿಗ್ಗುತ್ತಾನೆ. ಹೀಗೆ ಹತ್ತು ದಿನ ಕಳೆದರೆ ಇಳಿಸಲು ಬಾರದ ವಿದ್ಯಾರ್ಥಿಯೊಬ್ಬ ತನಗೆ ಬರುತ್ತದೆಂಬ ನಂಬಿಕೆಯೊಡನೆ ತಯಾರಾಗುತ್ತಾನೆ. ಬೋಧಕನು ಮಾಡಬಹುದಾದ ಕೇಡುಗಳಲ್ಲಿ ಈ ಮೃದುವಾದ ಕೇಡೇ ದೊಡ್ಡದು.

ಆದ್ದರಿಂದಲೇ ಕೈಯ ವಿಷಯದಲ್ಲಿ ಒಂದು ಕಟ್ಟುನಿಟ್ಟಿನ ಮಾತಿನ ಕ್ರಮವಿದೆ. ಬೋಧಕನು ವಿಮಾನವನ್ನು ತನ್ನ ವಶಕ್ಕೆ ತೆಗೆದುಕೊಳ್ಳುವಾಗ 'ಐ ಹ್ಯಾವ್ ಕಂಟ್ರೋಲ್' ಎನ್ನುತ್ತಾನೆ. ವಿದ್ಯಾರ್ಥಿ 'ಯು ಹ್ಯಾವ್ ಕಂಟ್ರೋಲ್' ಎಂದು ಹೇಳಿ ಕೈ ಬಿಡುತ್ತಾನೆ. ಬೋಧಕನು ಮತ್ತೊಮ್ಮೆ ಅದನ್ನು ಖಚಿತಪಡಿಸುತ್ತಾನೆ. ಹಿಂದಿರುಗಿಸುವಾಗಲೂ ಇದೇ ಕ್ರಮ. ಇಬ್ಬರೂ ಹಿಡಿದ ವಿಮಾನಕ್ಕಿಂತ, ಇಬ್ಬರೂ ಇನ್ನೊಬ್ಬರು ಹಿಡಿದಿದ್ದಾರೆಂದು ಬಿಟ್ಟ ವಿಮಾನ ಹೆಚ್ಚು ಅಪಾಯಕಾರಿ. ಹೊಸ ಬೋಧಕನು ಈ ಮಾತುಗಳನ್ನು ನೆಲದ ಮೇಲೆಯೇ, ವಿಮಾನ ನಿಂತಿರುವಾಗಲೇ, ವಿದ್ಯಾರ್ಥಿಯಿಂದ ಹತ್ತಾರು ಬಾರಿ ಹೇಳಿಸಿ ರೂಢಿಮಾಡಿಸಬೇಕು. ನಾಚಿಕೆಯಿಂದ ಬಿಟ್ಟ ಒಂದು ಮಾತು ಆಕಾಶದಲ್ಲಿ ದುಬಾರಿಯಾಗುತ್ತದೆ.

ಕೈಯನ್ನು ತಡೆದು ಕಲಿಸುವ ಈ ವಿದ್ಯೆಗೆ ನೂರು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಅದರ ಮೂಲ ಸರಡಗಿಯಿಂದ ಬಹುದೂರ, ಇಂಗ್ಲೆಂಡಿನ ದಕ್ಷಿಣ ತೀರದ ಗಾಸ್‌ಪೋರ್ಟಿನಲ್ಲಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಪೈಲಟ್‌ಗಳು ರಣರಂಗದಲ್ಲಿ ಮಾತ್ರವಲ್ಲ, ತರಬೇತಿಯಲ್ಲಿಯೂ ಹೆಚ್ಚಿನ ಸಂಖ್ಯೆಯಲ್ಲಿ ಸಾಯುತ್ತಿದ್ದರು. ಕಲಿಸುವವರಲ್ಲಿ ಹಲವರು ಯುದ್ಧದಲ್ಲಿ ದಣಿದು ವಿಶ್ರಾಂತಿಗೆಂದು ಕಳುಹಿಸಲ್ಪಟ್ಟವರು. ಕಲಿಸುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. 1917ರಲ್ಲಿ ರಾಬರ್ಟ್ ಸ್ಮಿತ್ ಬ್ಯಾರಿ ಎಂಬ ಅಧಿಕಾರಿ ಗಾಸ್‌ಪೋರ್ಟಿನಲ್ಲಿ ಬೋಧಕರಿಗಾಗಿಯೇ ಒಂದು ಶಾಲೆಯನ್ನು ನಡೆಸಿದನು. ಅಲ್ಲಿ ವಿದ್ಯಾರ್ಥಿಯು ಪೈಲಟನ ಆಸನದಲ್ಲಿಯೇ ಕುಳಿತನು. ಜೋಡಿ ನಿಯಂತ್ರಣದ ವಿಮಾನ ಬಂತು. ಎಂಜಿನ್ನಿನ ಗದ್ದಲದಲ್ಲಿಯೂ ಬೋಧಕನ ಮಾತು ಕೇಳಿಸುವಂತೆ ಒಂದು ಕೊಳವೆಯನ್ನು ಅಳವಡಿಸಿದರು. ಅದಕ್ಕೆ ಆ ಊರಿನ ಹೆಸರೇ ನಿಂತಿತು. ಎಲ್ಲಕ್ಕಿಂತ ಮಿಗಿಲಾಗಿ, ಅಪಾಯದ ಸನ್ನಿವೇಶವನ್ನು ಮುಚ್ಚಿಡುವ ಬದಲು ಅದನ್ನು ತೋರಿಸಿ ಅದರಿಂದ ಹೊರಬರುವ ದಾರಿಯನ್ನು ಕಲಿಸುವುದು ಅಲ್ಲಿಯ ತತ್ತ್ವವಾಯಿತು. ಇಂದು ಸರಡಗಿಯ ಮೇಲೆ ವಿದ್ಯಾರ್ಥಿಯೊಬ್ಬನು ವಿಮಾನದ ವೇಗವನ್ನು ಬೇಕೆಂದೇ ತಗ್ಗಿಸಿ, ರೆಕ್ಕೆ ಹಿಡಿತ ಕಳೆದುಕೊಳ್ಳುವ ಕ್ಷಣವನ್ನು ಅನುಭವಿಸಿ, ಮೂತಿಯನ್ನು ಕೆಳಗಿಳಿಸಿ ಮತ್ತೆ ವೇಗ ಪಡೆಯುವ ಪಾಠವನ್ನು ಮಾಡುವಾಗ ಅದೇ ತತ್ತ್ವ ನಡೆಯುತ್ತಿರುತ್ತದೆ.

ಹಾಗಾದರೆ ತಪ್ಪನ್ನು ಎಲ್ಲಿಯವರೆಗೆ ಬಿಡಬೇಕು? ಇದಕ್ಕೆ ಲೆಕ್ಕದ ಉತ್ತರವಿಲ್ಲ. ಆದರೆ ಒಂದು ನೆರವಾಗುವ ಕ್ರಮವಿದೆ. ಯಾವ ಎತ್ತರದಲ್ಲಿ, ಯಾವ ವೇಗದಲ್ಲಿ, ಎಷ್ಟು ವಾಲಿದಾಗ ತಾನು ಕೈ ಹಾಕುವೆನೆಂಬುದನ್ನು ಬೋಧಕನು ಹಾರುವ ಮೊದಲೇ ತನ್ನಲ್ಲಿ ನಿಶ್ಚಯಿಸಿಕೊಂಡಿರಬೇಕು. ಮೊದಲು ಮಾತು, ಅನಂತರ ಖಚಿತವಾದ ಆದೇಶ, ಕೊನೆಗೆ ಕೈ. ನೆಲ ಹತ್ತಿರವಾದಂತೆ ಈ ಮೂರರ ನಡುವಿನ ಕಾಲ ಕಿರಿದಾಗುತ್ತದೆ. ಮೂರು ಸಾವಿರ ಅಡಿಯ ಮೇಲೆ ತಾಳ್ಮೆ ಗುಣ. ಮೂವತ್ತು ಅಡಿಯಲ್ಲಿ ಅದೇ ತಾಳ್ಮೆ ದೋಷ. ಇಳಿಯುವ ವಿಮಾನ ನೆಲಕ್ಕೆ ಬಡಿದು ಪುಟಿದಾಗ ಅದನ್ನು ಹೇಗಾದರೂ ಕೂರಿಸಬೇಕೆಂಬ ಹಟ ಬೇಡ. ಶಕ್ತಿ ಕೊಟ್ಟು ಮೇಲಕ್ಕೇರಿ, ಒಂದು ಸುತ್ತು ಬಂದು, ಮತ್ತೆ ಪ್ರಯತ್ನಿಸುವುದೇ ವಿವೇಕ. ಮೂರು ಕಿಲೋಮೀಟರಿನ ರನ್‌ವೇ ಉಳಿದಿದೆಯೆಂಬ ಧೈರ್ಯದಲ್ಲಿ ಕಲಿತ ಹಟವು ಮುಂದೆ ಚಿಕ್ಕ ರನ್‌ವೇಯಲ್ಲಿ ಬೆಲೆ ಕೇಳುತ್ತದೆ.

ಈ ಬಯಲು ಕಲಿಸುವ ಇನ್ನೊಂದು ಪಾಠ ಬಿಸಿಲಿನದು. ಕಲಬುರಗಿಯ ಬೇಸಿಗೆಯನ್ನು ಈ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಆದರೆ ವಿಮಾನಕ್ಕೆ ಅದು ಏನೆಂಬುದು ತಿಳಿಯತಕ್ಕ ಸಂಗತಿ. ಗಾಳಿ ಕಾದಂತೆ ತೆಳುವಾಗುತ್ತದೆ. ರೆಕ್ಕೆಗೆ ಎತ್ತುವ ಬಲವೂ, ಪ್ರೊಪೆಲರಿಗೆ ಎಳೆಯುವ ಬಲವೂ, ಎಂಜಿನ್ನಿಗೆ ಉಸಿರೂ ಗಾಳಿಯ ದಟ್ಟತನದಿಂದಲೇ ಬರಬೇಕು. ಕಲಬುರಗಿ ನಗರ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ವೈಮಾನಿಕ ಲೆಕ್ಕದ ಪ್ರಮಾಣಿತ ವಾತಾವರಣದಲ್ಲಿ ಈ ಎತ್ತರದ ಉಷ್ಣತೆ ಸುಮಾರು 12 ಡಿಗ್ರಿ. ಮೇ ತಿಂಗಳಲ್ಲಿ ಅದು 42 ಡಿಗ್ರಿಯಾದರೆ ಮೂವತ್ತು ಡಿಗ್ರಿ ಹೆಚ್ಚಾಯಿತು. ಒಂದೊಂದು ಡಿಗ್ರಿಗೆ ಸುಮಾರು 36 ಮೀಟರಿನಂತೆ ಕೂಡಿಸಿದರೆ, ವಿಮಾನದ ಪಾಲಿಗೆ ಆ ರನ್‌ವೇ 1,500 ಮೀಟರಿಗೂ ಮೀರಿದ ಎತ್ತರದಲ್ಲಿದ್ದಂತೆ. ಮಹಾಬಳೇಶ್ವರಕ್ಕಿಂತ ಎತ್ತರದ ಬೆಟ್ಟದ ತೆಳುಗಾಳಿಯಲ್ಲಿ ಹಾರಿದಂತಾಯಿತು, ತಂಪು ಮಾತ್ರ ಇಲ್ಲ. ಡಿಸೆಂಬರಿನ ಮುಂಜಾವಿನಲ್ಲಿ ಲಘುವಾಗಿ ಎದ್ದ ಅದೇ ವಿಮಾನ ಮೇ ತಿಂಗಳ ಮಧ್ಯಾಹ್ನ ರನ್‌ವೇಯನ್ನು ಹೆಚ್ಚು ತಿಂದು, ನಿಧಾನವಾಗಿ ಏರುತ್ತದೆ.

ನೆಲದ ಬಣ್ಣವೂ ಗಾಳಿಯಲ್ಲಿ ಕಾಣಿಸಿಕೊಳ್ಳುತ್ತದೆ. ಉತ್ತು ಬಿಟ್ಟ ಎರೆಹೊಲ ಬಿಸಿಲನ್ನು ಹೀರಿ ಬೇಗ ಕಾಯುತ್ತದೆ; ಅದರ ಮೇಲಿನ ಗಾಳಿ ಮೇಲಕ್ಕೇಳುತ್ತದೆ. ಕೆರೆಯ ಮೇಲೆ, ಹಸಿರು ಬೆಳೆಯ ಮೇಲೆ ಹಾಗಾಗುವುದಿಲ್ಲ. ಇಳಿಯಲು ಬರುವ ಚಿಕ್ಕ ವಿಮಾನ ಒಂದು ಹೊಲದ ಮೇಲೆ ತೇಲಿ, ಇನ್ನೊಂದರ ಮೇಲೆ ಕುಸಿಯುತ್ತದೆ. ವಿದ್ಯಾರ್ಥಿಗೆ ಇದು ತನ್ನದೇ ತಪ್ಪೆಂದು ತೋರುತ್ತದೆ. 'ಇದು ನಿನ್ನ ಕೈಯಲ್ಲ, ನೆಲದ ಕಾವು' ಎಂದು ಬಿಡಿಸಿ ಹೇಳುವುದು ಬೋಧಕನ ಕೆಲಸ. ಅದಕ್ಕಿಂತ ದೊಡ್ಡ ಕೆಲಸ, 'ಇಂದು ಇಷ್ಟು ಸಾಕು' ಎನ್ನುವುದು. ನಸುಕಿನಲ್ಲಿ ಆರಂಭಿಸಿ ಬಿಸಿಲೇರುವ ಮೊದಲು ಹೊಸ ವಿದ್ಯಾರ್ಥಿಗಳ ಪಾಠವನ್ನು ಮುಗಿಸುವುದು ಇಂತಹ ಸೀಮೆಗೆ ಒಪ್ಪುವ ಕ್ರಮ.

'ಇಂದು ಬೇಡ' ಎನ್ನುವುದು ಹೇಳುವಷ್ಟು ಸುಲಭವಲ್ಲ. ಹೊಸ ಬೋಧಕನಿಗೆ ಗಂಟೆಗಳು ಬೇಕು. ವಿಮಾನ ಸಂಸ್ಥೆಗಳಲ್ಲಿ ಕ್ಯಾಪ್ಟನ್ ಆಗಲು ಬೇಕಾದ ಉನ್ನತ ಪರವಾನಗಿಗೆ 1,500 ಗಂಟೆಗಳ ಹಾರಾಟ ಬೇಕು. ಆತ ಕಲಿಸುವ ಒಂದೊಂದು ಗಂಟೆಯೂ ಆ ಏಣಿಯ ಮೆಟ್ಟಿಲು. ವಿದ್ಯಾರ್ಥಿಗೂ ಗಂಟೆಗಳು ಬೇಕು. ಮನೆಯವರು ಸಾಲ ಮಾಡಿ ಶುಲ್ಕ ಕಟ್ಟಿದ್ದಾರೆ. ಶಾಲೆಗೂ ವಿಮಾನ ಸುಮ್ಮನೆ ನಿಂತರೆ ನಷ್ಟ. ಹೀಗೆ ಎಲ್ಲರ ಆಸೆಯೂ ಒಂದೇ ಕಡೆಗೆ ಎಳೆಯುವಾಗ ಎದುರು ದಿಕ್ಕಿಗೆ ನಿಲ್ಲಬೇಕಾದವನು ಬೋಧಕನೊಬ್ಬನೇ. ಮುಗಿಲು ತಗ್ಗಿದೆ, ಮಬ್ಬು ಕವಿದಿದೆ, ಎಂಜಿನ್ನಿನ ಸದ್ದು ಸರಿಯಿಲ್ಲ, ತನಗೇ ನಿದ್ದೆಯಾಗಿಲ್ಲ: ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಹಾರದಿರುವುದೇ ಆ ದಿನದ ಪಾಠ. ಬೋಧಕನು ಹಾರದೆ ಉಳಿದ ದಿನವನ್ನು ಕಂಡ ವಿದ್ಯಾರ್ಥಿ ಮುಂದೆ ತಾನೂ ಹಾರದೆ ಉಳಿಯಬಲ್ಲನು. ಸೋಮಾರಿತನಕ್ಕೂ ವಿವೇಕಕ್ಕೂ ಇರುವ ವ್ಯತ್ಯಾಸವನ್ನು ಪುಸ್ತಕ ಕಲಿಸಲಾರದು. ಕಣ್ಣೆದುರಿನ ಮನುಷ್ಯ ಕಲಿಸಬಲ್ಲನು.

ಹಾರುವ ಮೊದಲಿನ ಕೆಲಸಗಳಲ್ಲಿಯೂ ಹೀಗೆಯೇ. ವಿದ್ಯಾರ್ಥಿ ವಿಮಾನವನ್ನು ಸುತ್ತಿ ಪರೀಕ್ಷಿಸಿದ್ದಾನೆಂದು ಬೋಧಕನು ನೆರಳಿನಲ್ಲಿ ನಿಲ್ಲಬಾರದು. ಇಂಧನದ ಮುಳ್ಳನ್ನು ಮಾತ್ರ ನಂಬದೆ ಟ್ಯಾಂಕಿನಲ್ಲಿ ಅಳತೆಯ ಕಡ್ಡಿಯನ್ನು ಇಳಿಸಿ ನೋಡಬೇಕು. ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಗಾಜಿನ ಬಟ್ಟಲಿಗೆ ಹಿಡಿದು ಬಿಸಿಲಿಗೆ ಎತ್ತಿ ನೋಡಬೇಕು. ಪೆಟ್ರೋಲಿನಿಂದ ನಡೆಯುವ ತರಬೇತಿ ವಿಮಾನಗಳ ಇಂಧನಕ್ಕೆ ತಿಳಿನೀಲಿ ಬಣ್ಣ ಹಾಕಿರುತ್ತಾರೆ; ನೀರು ಸೇರಿದ್ದರೆ ಅದು ಭಾರವಾದ್ದರಿಂದ ಬಣ್ಣವಿಲ್ಲದ ಗುಳ್ಳೆಯಾಗಿ ಅಡಿಯಲ್ಲಿ ನಿಲ್ಲುತ್ತದೆ. ಒಂದು ಬಟ್ಟಲಿನಲ್ಲಿ ಮುಗಿಯುವ ಈ ಪರೀಕ್ಷೆಯನ್ನು ಬಿಟ್ಟರೆ ಆಕಾಶದಲ್ಲಿ ಎಂಜಿನ್ ನಿಲ್ಲಬಹುದು. ತನ್ನ ದೇಹವನ್ನೂ ಬೋಧಕನು ಇದೇ ರೀತಿ ಪರೀಕ್ಷಿಸಿಕೊಳ್ಳಬೇಕು. ಹಾರಾಟಕ್ಕೆ ಮುಂಚಿನ 12 ಗಂಟೆಗಳಲ್ಲಿ ಮದ್ಯ ಕೂಡದೆಂಬುದು ನಿಯಮ. ನೀರು ಕುಡಿಯಬೇಕು, ಊಟ ಮಾಡಿರಬೇಕು, ನಿದ್ದೆ ಮಾಡಿರಬೇಕು ಎಂಬುದಕ್ಕೆ ನಿಯಮದ ಪುಸ್ತಕವೇ ಬೇಕೆಂದಿಲ್ಲ. ಕಾದ ಗಾಜಿನ ಗೂಡಿನಂತಹ ಕಾಕ್‌ಪಿಟ್ಟಿನಲ್ಲಿ ದಿನದ ನಾಲ್ಕನೆಯ ವಿದ್ಯಾರ್ಥಿಯೊಡನೆ ಕುಳಿತಾಗ ಅದರ ಅರ್ಥ ತಾನಾಗಿಯೇ ಆಗುತ್ತದೆ.

ಗಡಿಯ ಈಚೆಯ ಕನ್ನಡ ಶಾಲೆಗಳ ಮನೆಯವರಿಗೆ ಹತ್ತಿರವಾದ ಸಂಗತಿಯೊಂದಿದೆ. ಅದು ಭಾಷೆಯದು. ರೇಡಿಯೋದ ಮೇಲೆ ಆಡುವ ಮಾತು ಇಂಗ್ಲಿಷಿನಲ್ಲಿ, ಅದೂ ಗೊತ್ತುಪಡಿಸಿದ ನುಡಿಗಟ್ಟುಗಳಲ್ಲಿ ನಡೆಯುತ್ತದೆ. ಅಂತರರಾಷ್ಟ್ರೀಯ ನಿಯಮದಂತೆ ಪೈಲಟನ ಭಾಷಾಜ್ಞಾನ ಆರು ಹಂತಗಳಲ್ಲಿ ಕನಿಷ್ಠ ನಾಲ್ಕನೆಯ ಹಂತಕ್ಕೆ ಏರಿರಬೇಕು. ಅಕ್ಕಲಕೋಟೆಯಿಂದಲೋ ಜತ್ತದಿಂದಲೋ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯೊಬ್ಬಳಿಗೆ ಇದು ಅಸಾಧ್ಯವೇನಲ್ಲ. ರೇಡಿಯೋದ ನುಡಿಗಟ್ಟುಗಳು ಮಿತವಾದವು, ಅಭ್ಯಾಸದಿಂದ ಬರುವಂಥವು. ಕಷ್ಟವಿರುವುದು ಬೇರೆ ಕಡೆ. ಪಾಠವನ್ನು ಇಂಗ್ಲಿಷಿನಲ್ಲಿ ವಿವರಿಸಿದ ಬೋಧಕನು 'ತಿಳಿಯಿತೇ?' ಎಂದು ಕೇಳಿದಾಗ ಆಕೆ 'ಹೂಂ ಸರ್' ಎನ್ನುತ್ತಾಳೆ. ಗುರುವಿಗೆ ಎದುರಾಡಬಾರದೆಂದು ಮನೆಯಲ್ಲಿ ಕಲಿಸಿದ್ದಾರೆ. ತಿಳಿಯಲಿಲ್ಲವೆಂದರೆ ನಗುತ್ತಾರೆಂಬ ಅಂಜಿಕೆಯೂ ಇದೆ. ಹೊಸ ಬೋಧಕನು ಆ 'ಹೂಂ'ಕಾರವನ್ನು ಉತ್ತರವೆಂದು ಸ್ವೀಕರಿಸಿಬಿಟ್ಟರೆ ಕೆಲಸ ಕೆಟ್ಟಿತು.

'ತಿಳಿಯಿತೇ' ಎಂದು ಕೇಳುವ ಬದಲು 'ನನಗೆ ಹೇಳಿಕೊಡು' ಎನ್ನಬೇಕು. ಇಳಿಯುವಾಗ ಗಾಳಿ ಪಕ್ಕದಿಂದ ಬೀಸಿದರೆ ಏನು ಮಾಡುವೆ, ಎಂಜಿನ್ ನಿಂತರೆ ಮೊದಲು ಯಾವುದನ್ನು ನೋಡುವೆ ಎಂಬುದನ್ನು ಆಕೆ ಮೊದಲು ತನ್ನ ಮಾತಿನಲ್ಲಿ ಹೇಳಲಿ. ಅದು ಕನ್ನಡವಾಗಲಿ, ಮರಾಠಿಯಾಗಲಿ, ಹಿಂದಿಯಾಗಲಿ. ತಿಳಿವಳಿಕೆ ಗಟ್ಟಿಯಾದ ಮೇಲೆ ಅದೇ ಸಂಗತಿಯನ್ನು ಇಂಗ್ಲಿಷಿನ ನುಡಿಗಟ್ಟಿಗೆ ಹೊಂದಿಸುವುದು ಸುಲಭ. ತಿಳಿವಳಿಕೆಯೇ ಇಲ್ಲದೆ ನುಡಿಗಟ್ಟು ಬಾಯಿಪಾಠವಾದರೆ ಅದು ಗಿಳಿಯ ಓದು. ಬೋಧಕನಿಗೆ ಆಕೆಯ ಭಾಷೆ ಬಾರದಿದ್ದರೆ ಚಿತ್ರ ಬರೆಯಿಸಬಹುದು. ಕೈಯಲ್ಲಿ ಆಟಿಕೆಯ ವಿಮಾನವನ್ನು ಕೊಟ್ಟು ತೋರಿಸೆನ್ನಬಹುದು. ಇದರ ಜೊತೆಗೇ ಇನ್ನೊಂದು ಮಾತನ್ನು ಮೊದಲ ದಿನವೇ ಹೇಳಿರಬೇಕು: 'ನಾನು ತಪ್ಪು ಮಾಡುತ್ತಿರುವೆನೆಂದು ಕಂಡರೆ ನೀನು ಕೂಡಲೇ ಬಾಯಿಬಿಟ್ಟು ಹೇಳಬೇಕು.' ವಿಮಾನದೊಳಗೆ ವಿನಯವೆಂದರೆ ಮೌನವಲ್ಲ. ಇನ್ನೊಂದು ವಿಮಾನವನ್ನು ಮೊದಲು ಕಂಡವರು ಹೇಳಬೇಕು, ಅವರು ಗುರುವಾಗಲಿ, ಶಿಷ್ಯೆಯಾಗಲಿ.

ಇವೆಲ್ಲದರ ಪರೀಕ್ಷೆ ನಡೆಯುವುದು ವಿದ್ಯಾರ್ಥಿಯ ಮೊದಲ ಏಕಾಂಗಿ ಹಾರಾಟದ ದಿನ. ಹಿರಿಯ ಬೋಧಕನು ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಮೇಲೆ ಬಲಗಡೆಯ ಆಸನ ಬರಿದಾಗುತ್ತದೆ. ಬಾಗಿಲು ಮುಚ್ಚುವ ಮೊದಲು ಒಂದು ಸಂಗತಿಯನ್ನು ಮರೆಯದೆ ತಿಳಿಸಬೇಕು: ಒಬ್ಬರ ಭಾರ ಕಡಿಮೆಯಾದುದರಿಂದ ವಿಮಾನ ಎಂದಿಗಿಂತ ಬೇಗ ಏಳುತ್ತದೆ, ಬೇಗ ಏರುತ್ತದೆ, ಇಳಿಯುವಾಗ ಹೆಚ್ಚು ತೇಲುತ್ತದೆ. ತಿಳಿಸದಿದ್ದರೆ ಆ ವ್ಯತ್ಯಾಸವೇ ಗಾಬರಿಗೆ ಕಾರಣವಾದೀತು. ರನ್‌ವೇಯಿಂದ ಎದ್ದು, ನೆಲದಿಂದ ಸುಮಾರು ಒಂದು ಸಾವಿರ ಅಡಿ ಎತ್ತರದಲ್ಲಿ ಆಯತಾಕಾರವಾಗಿ ಒಂದು ಸುತ್ತು ಬಂದು ಮತ್ತೆ ಇಳಿಯುವುದು. ಒಟ್ಟು ಕೆಲವೇ ನಿಮಿಷಗಳ ಕೆಲಸ. ತಿಂಗಳುಗಟ್ಟಲೆ ಪಕ್ಕದಲ್ಲಿ ಕುಳಿತು ಕಲಿಸಿದ ಹೊಸ ಬೋಧಕನು ಆ ನಿಮಿಷಗಳಲ್ಲಿ ನೆಲದ ಮೇಲೆ ನಿಂತಿರುತ್ತಾನೆ. ಆತನ ಕೈಗೆ ಅಲ್ಲಿ ಯಾವ ಕೆಲಸವೂ ಇಲ್ಲ. ಕೈ ತಡೆದು ಕಲಿಸಿದ್ದನೋ, ಕೈ ಹಾಕಿ ಮರೆಸಿದ್ದನೋ ಎಂಬುದು ಆಗ ಹೊರಬೀಳುತ್ತದೆ. ಚಕ್ರಗಳು ನೆಲ ಮುಟ್ಟಿದ ಮೇಲೆ ವಿದ್ಯಾರ್ಥಿಯ ತಲೆಯ ಮೇಲೆ ನೀರು ಸುರಿಯುವ ರೂಢಿ ಹಲವು ಶಾಲೆಗಳಲ್ಲಿದೆ. ಬೋಧಕನ ಬೆವರು ಅಷ್ಟರಲ್ಲಿ ಇಳಿದಾಗಿರುತ್ತದೆ.

ದಿನದ ಕೊನೆಗೆ ಉಳಿಯುವುದು ಸಹಿ. ಲಾಗ್‌ಬುಕ್ಕಿನಲ್ಲಿಯೂ ಪ್ರಗತಿಯ ದಾಖಲೆಯಲ್ಲಿಯೂ ಬೋಧಕನು ಬರೆದ ಸಾಲು, ಮರುದಿನ ಇನ್ನೊಬ್ಬ ಬೋಧಕನು ಆ ವಿದ್ಯಾರ್ಥಿಯನ್ನು ಎಲ್ಲಿಂದ ಮುಂದುವರಿಸಬೇಕೆಂಬುದನ್ನು ನಿರ್ಧರಿಸುತ್ತದೆ. 'ಚೆನ್ನಾಗಿದೆ' ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯದು. ಪಕ್ಕದ ಗಾಳಿಯಲ್ಲಿ ಎಡಕ್ಕೆ ಸರಿಯುತ್ತಾನೆ, ವೇಗದ ಮುಳ್ಳನ್ನು ನೋಡುವುದನ್ನು ಮರೆಯುತ್ತಾನೆ, ರೇಡಿಯೋದಲ್ಲಿ ಸ್ಪಷ್ಟನಿದ್ದಾನೆ ಎಂದು ಬರೆದರೆ ಅದು ದಾಖಲೆ. ಹಾರದ ಗಂಟೆಯನ್ನು ಹಾರಿದಂತೆ ಬರೆಯುವುದು, ಬಾರದ ಪಾಠವನ್ನು ಬಂದಂತೆ ಬರೆಯುವುದು, ಕಾಗದದ ಮೇಲಿನ ಉಪಕಾರದಂತೆ ಕಾಣಬಹುದು. ಅದು ಉಪಕಾರವಲ್ಲ; ಆ ವಿದ್ಯಾರ್ಥಿಯ ಹಿಂದೆ ಮುಂದೊಂದು ದಿನ ಕುಳಿತುಕೊಳ್ಳಲಿರುವ ಪ್ರಯಾಣಿಕರಿಗೆ ಮಾಡಿದ ಮೋಸ.

ಮಗನನ್ನೋ ಮಗಳನ್ನೋ ಈ ವಿದ್ಯೆಗೆ ಕಳುಹಿಸಬೇಕೆಂದಿರುವ ಮನೆಯವರು ಶಾಲೆಯ ಬಾಗಿಲಲ್ಲಿ ವಿಮಾನಗಳ ಸಂಖ್ಯೆಯನ್ನೂ ಶುಲ್ಕದ ಕಂತನ್ನೂ ವಿಚಾರಿಸುತ್ತಾರೆ, ವಿಚಾರಿಸಲೇಬೇಕು. ಅದರೊಡನೆ ಇನ್ನು ಕೆಲವನ್ನೂ ಕೇಳಬಹುದು. ಒಬ್ಬ ಬೋಧಕನಿಗೆ ಎಷ್ಟು ವಿದ್ಯಾರ್ಥಿಗಳು? ಹೊಸ ಬೋಧಕರ ಮೇಲೆ ಕಣ್ಣಿಡುವ ಹಿರಿಯರು ಯಾರು, ಅವರು ದಿನವೂ ಮೈದಾನದಲ್ಲಿರುತ್ತಾರೆಯೇ? ಹವಾಮಾನ ಕೆಟ್ಟಾಗ 'ಇಂದು ಬೇಡ' ಎಂದ ಬೋಧಕನನ್ನು ಶಾಲೆ ಹೇಗೆ ಕಾಣುತ್ತದೆ? ಕೊನೆಯ ಪ್ರಶ್ನೆಗೆ ಅಳುಕಿಲ್ಲದೆ ಉತ್ತರ ಬಂದರೆ, ಆ ಶಾಲೆಯಲ್ಲಿ ಕಲಿಸುವವರೂ ಕಲಿಯುತ್ತಿದ್ದಾರೆಂದು ತಿಳಿಯಬಹುದು.